ಯಾರಿಗೂ ಕಾಣದ ಕೆಂಪು ಗೆರೆ

"ಕೈ ತೆಗೀರಿ ಭಾವ. ಇದು ಠಾಣೆ ಅಲ್ಲ, ನನ್ನ ಅಂಗಡಿ."

ಪತ್ತೇದಾರ ಕೈ ತೆಗೆದ. ಮನಸ್ಸಿಲ್ಲದೆ ತೆಗೆದ. ಬಾಮೈದನ ಕೈಯಲ್ಲಿ ಉಳಿ ಇತ್ತು, ಮತ್ತು ಅಕ್ಕನನ್ನು ಕೊಟ್ಟ ಇಪ್ಪತ್ತಾರು ವರ್ಷಗಳಲ್ಲಿ ಆ ಮನುಷ್ಯ ಭಾವನ ಮೇಲೆ ಒಂದು ದಿನವೂ ಪ್ರೀತಿ ತೋರಿಸಿದವನಲ್ಲ.

ಮೇಜಿನ ಮೇಲೆ ದಪ್ಪ ಕಂಬಳಿ ಹಾಸಿ, ಅದರ ಮೇಲೆ ಚಿತ್ರವನ್ನು ಬೋರಲು ಮಲಗಿಸಿತ್ತು. ಶಾಲೆಯ ಪುಸ್ತಕದಲ್ಲಿ ಅಚ್ಚಾಗಿರುವ, ಅಂಚೆಚೀಟಿಯ ಮೇಲೂ ಬಂದಿರುವ ಚಿತ್ರ. ಹಳದಿ ಗೋಡೆ, ಒಂದು ಖಾಲಿ ಕುರ್ಚಿ, ಕುರ್ಚಿಗೆ ಮೂರೇ ಕಾಲು. ನಲವತ್ತು ವರ್ಷದ ಹಿಂದೆ, ಒಂದು ಶುಕ್ರವಾರ, ಅದನ್ನು ಮೊದಲ ಸಲ ಗೋಡೆಗೆ ತೂಗುಹಾಕಿದಾಗ ಊರಿಗೆ ಊರೇ ನಕ್ಕಿತ್ತು. ನಾಲ್ಕನೆಯ ಕಾಲಿಗೆ ಬಣ್ಣ ಸಾಲಲಿಲ್ಲವೇ ಎಂದು ಕೇಳಿದವರಿದ್ದರು. ಭಾನುವಾರದ ಪತ್ರಿಕೆಯಲ್ಲಿ ಒಂದು ಲೇಖನ ಬಂತು. ಸೋಮವಾರ ಅದೇ ಜನ ಸಾಲುಗಟ್ಟಿ ನಿಂತು, ಉಸಿರು ಬಿಗಿಹಿಡಿದು ನೋಡಿ ಹೋದರು.

ಆ ಲೇಖನ ವಿಮರ್ಶಕರದ್ದು. ಅಲ್ಲಿಯವರೆಗೆ ಅವರು ಫುಟ್ಬಾಲ್ ಪಂದ್ಯಗಳ ಸುದ್ದಿ ಬರೆಯುತ್ತಿದ್ದ ಕಿರಿಯ ವರದಿಗಾರ. ಅಲ್ಲಿಂದಾಚೆಗೆ ಹೊಸ ಚಿತ್ರಕಲೆ ಎಂದರೆ ಅವರು, ಅವರು ಎಂದರೆ ಹೊಸ ಚಿತ್ರಕಲೆ. ಅವರು ಹೂಂ ಎಂದವನು ಬದುಕಿದ, ಊಹೂಂ ಎಂದವನು ಬೋರ್ಡು ಬರೆಯಲು ಹೋದ.

ಚಿತ್ರಕಾರನಿಗೆ ಮಾತ್ರ ಇದನ್ನೆಲ್ಲ ನೋಡುವ ಯೋಗವಿರಲಿಲ್ಲ. ಆ ಶುಕ್ರವಾರಕ್ಕೆ ಮೂರು ದಿನ ಮೊದಲು, ಮಂಗಳವಾರ ಸಂಜೆ, ತಾನು ಚಿತ್ರ ಬರೆಯುತ್ತಿದ್ದ ಕೋಣೆಯ ಮರದ ಮೆಟ್ಟಿಲಿಂದ ಬಿದ್ದು ಅವನು ಸತ್ತಿದ್ದ. ಬಿದ್ದನೋ ಬೀಳಿಸಿದರೋ ಎಂಬುದನ್ನು ಪೊಲೀಸರು ಬಗೆಹರಿಸಲಿಲ್ಲ. ವಿಮರ್ಶಕರು ಬಗೆಹರಿಸಿದರು. 'ಹೆಂಡತಿಯ ಕಾಟವೇ ಅವನನ್ನು ಮೆಟ್ಟಿಲಿಂದ ನೂಕಿತು' ಎಂದು ಮುಂದಿನ ವರ್ಷದ ಲೇಖನದಲ್ಲಿ ಬರೆದರು. ಅಷ್ಟು ಸಾಕಾಯಿತು. ಆ ಹೆಂಗಸು ಬೀದಿಗೆ ಇಳಿದರೆ ಜನ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದರು.

ಈಗ ಅವಳಿಗೆ ಎಪ್ಪತ್ತು. ಬರುವ ಸೋಮವಾರ ಗ್ಯಾಲರಿಯಲ್ಲಿ ದೊಡ್ಡ ಪ್ರದರ್ಶನ, ಚಿತ್ರ ಈ ಅಂಗಡಿಗೆ ಬಂದದ್ದೂ ಅದಕ್ಕೆ ಹೊಸ ಕಟ್ಟು ಹಾಕಲೆಂದೇ. ಪ್ರದರ್ಶನಕ್ಕಾಗಿ ವಿಮರ್ಶಕರು ಬರೆದ ಪುಸ್ತಕದಲ್ಲಿ ಆ ಮಾತು ಮತ್ತೆ ಬಂದಿದೆ, ಈ ಸಲ 'ಹೆಂಡತಿಯೇ ನೂಕಿದಳು' ಎಂದು ನೇರವಾಗಿ. ಅದು ಊರಿನ ಕೈಗೆ ಸಿಗುವ ಮೊದಲು ಅಮ್ಮನ ಹೆಸರು ತೊಳೆದುಕೊಡಿ ಎಂದು ಮಗಳು ಪತ್ತೇದಾರನ ಬಾಗಿಲಿಗೆ ಬಂದು ಹನ್ನೆರಡು ದಿನವಾಗಿತ್ತು. ಕನ್ನಡಕದ ಅಂಗಡಿ ನಡೆಸುವವಳು. ಈಗ ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ, ತೊಡೆಯ ಮೇಲೆ ಚೀಲ ಇಟ್ಟುಕೊಂಡು, ನೆಟ್ಟಗೆ ಕೂತಿದ್ದಳು.

"ಬೇಗ ಬಿಚ್ಚಯ್ಯ," ಎಂದ ಪತ್ತೇದಾರ.

"ಬೇಗ ಬೇಕಾದ್ರೆ ಕಸಾಯಿ ಅಂಗಡಿಗೆ ಹೋಗಿ. ಇಲ್ನೋಡಿ."

ಚಿತ್ರದ ಬೆನ್ನಿಗೆ ಕಂದು ಕಾಗದವನ್ನು ಡೋಲಿನಷ್ಟು ಬಿಗಿಯಾಗಿ ಅಂಟಿಸಿತ್ತು. ನಾಲ್ಕೂ ಮೂಲೆಯಲ್ಲಿ ಮೊಹರು, ಮೊಹರಿನ ಪಕ್ಕದಲ್ಲಿ ಶಾಯಿಯ ತಾರೀಕು. ಬಾಮೈದನ ಅಪ್ಪನ ಕೈಬರಹ. ಪತ್ತೇದಾರನಿಗೆ ಅವರು ಮಾವ. ಊರಿನಲ್ಲಿ ಚಿತ್ರಗಳಿಗೆ ಮರದ ಕಟ್ಟು ಹಾಕುತ್ತಿದ್ದವರು ಆಗ ಅವರೊಬ್ಬರೇ. ಹಾಕಿದ ಕಟ್ಟನ್ನು ಇನ್ನೊಬ್ಬ ಬಿಚ್ಚಿದರೆ ತಿಳಿಯಬೇಕೆಂದು ಮೊಹರು ಒತ್ತುತ್ತಿದ್ದ ಹಟಮಾರಿ.

"ಒಂದೂ ಒಡೆದಿಲ್ಲ," ಎಂದ ಬಾಮೈದ. ದನಿಯಲ್ಲಿ ಹೆಮ್ಮೆ ಇತ್ತು. "ಅಪ್ಪ ಮುಚ್ಚಿದ್ದು, ನಾನು ತೆಗೀತಿರೋದು. ನಡುವೆ ಯಾರೂ ಮುಟ್ಟಿಲ್ಲ."

"ತಾರೀಕು ಯಾವುದು?"

"ಬುಧವಾರದ್ದು. ಚಿತ್ರಕಾರ ಸತ್ತ ಮಾರನೇ ದಿನ. ಬೆಳಿಗ್ಗೆ ಏಳಕ್ಕೇ ಅಪ್ಪ ಹೋಗಿ ಚಿತ್ರ ತಂದ್ರು. ಬಾಗಿಲಿಗೆ ಪೊಲೀಸ್ ಬೀಗ ಹಾಕಿತ್ತಂತೆ, ಕಾನ್‌ಸ್ಟೇಬಲ್ ತೆಗೆದುಕೊಟ್ಟನಂತೆ. ಅವತ್ತೇ ಕಟ್ಟು ಹಾಕಿ ಮುಗಿಸಿದ್ರು."

ಅವನು ಕಾಗದ ಕೊಯ್ದ, ಇಕ್ಕಳದಿಂದ ಮೊಳೆಗಳನ್ನು ಒಂದೊಂದಾಗಿ ಎಳೆದ. ಒಂದು ಮೊಳೆ ಎಳೆದಾಗಲೆಲ್ಲ ಭಾವನ ಕಡೆ ಒಮ್ಮೆ ನೋಡುತ್ತಿದ್ದ, ಸುಮ್ಮನಿರಿ ಎನ್ನುವಂತೆ. ಕೊನೆಗೆ ಚಿತ್ರವನ್ನು ಮೆಲ್ಲಗೆ ಎತ್ತಿದ. ಕೆಳಗಿನ ಅಂಚು ಸುಲಭವಾಗಿ ಬರಲಿಲ್ಲ, ಮರಕ್ಕೆ ಕಚ್ಚಿಕೊಂಡಿತ್ತು. ಚಪ್ಪಟೆ ಚಾಕು ತೂರಿಸಿ ಬಿಡಿಸಿ, ಚಿತ್ರವನ್ನು ಮೇಲ್ಮುಖವಾಗಿ ಮಲಗಿಸಿದ.

ಮೂವರೂ ಬಗ್ಗಿ ನೋಡಿದರು.

ಚಿತ್ರದ ಕೆಳ ಅಂಚಿನಲ್ಲಿ, ಈ ತುದಿಯಿಂದ ಆ ತುದಿಗೆ, ಅರ್ಧ ಬೆರಳಗಲಕ್ಕಿಂತ ಸಣ್ಣದಾದ ಒಂದು ಕೆಂಪು ಗೆರೆ ಇತ್ತು.

"ಅಯ್ಯೋ," ಎಂದಳು ಮಗಳು. "ಇದು ನಿಜವಾಗ್ಲೂ ಇತ್ತಾ?"

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಆ ಭಾನುವಾರದ ಲೇಖನವನ್ನು ಓದದವರೂ ಅದರ ಮೂರು ವಾಕ್ಯಗಳನ್ನು ಬಲ್ಲರು. 'ಇಡೀ ಚಿತ್ರ ನಿಂತಿರುವುದು ಕೆಳ ಅಂಚಿನ ಆ ಕೆಂಪು ಗೆರೆಯ ಮೇಲೆ. ಕುಂಚದಿಂದಲ್ಲ, ಬೆರಳಿನಿಂದ ಎಳೆದ ಗೆರೆ. ಅದನ್ನು ಕಂಡವರಿಗೆ ಕುರ್ಚಿಯ ನಾಲ್ಕನೆಯ ಕಾಲು ಬೇಕಾಗುವುದಿಲ್ಲ.' ನಲವತ್ತು ವರ್ಷ ಜನ ಚಿತ್ರದ ಮುಂದೆ ನಿಂತು ಆ ಗೆರೆಯನ್ನು ಹುಡುಕಿದರು. ಕಾಣಲಿಲ್ಲ. ಕಾಣಲಿಲ್ಲ ಎಂದರೆ ದಡ್ಡರೆನಿಸಿಕೊಳ್ಳಬೇಕು. ಆದ್ದರಿಂದ ತಲೆಯಾಡಿಸಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ, ಕಲೆಯ ಊರಿನಲ್ಲಿ ತುಸು ಹೆಚ್ಚು. ಅದು ಕಣ್ಣಿಗೆ ಕಾಣುವ ಗೆರೆಯಲ್ಲ, ಅಂತರಂಗದ ಗೆರೆ ಎಂದು ಒಬ್ಬ ಪ್ರಾಧ್ಯಾಪಕ ಇನ್ನೂರು ಪುಟ ಬರೆದು ಡಾಕ್ಟರಾದ.

ಈಗ ಅಂತರಂಗದ ಗೆರೆ ಕಂಬಳಿಯ ಮೇಲೆ ಬಿದ್ದಿತ್ತು. ಮುಟ್ಟಿದರೆ ಕೈಗೆ ಸಿಗುವಂತಿತ್ತು.

"ಕಟ್ಟಿನ ಒಳಂಚು ಚಿತ್ರದ ಮೇಲೆ ಅರ್ಧ ಬೆರಳು ಕೂತಿರ್ಬೇಕು ಭಾವ. ಇಲ್ದಿದ್ರೆ ಚಿತ್ರ ಮುಂದಕ್ಕೆ ಉದುರಿಹೋಗುತ್ತೆ," ಎಂದ ಬಾಮೈದ. ಅವನ ಮಾತಿನ ಗಡಸು ಇಳಿದಿತ್ತು. "ಎಲ್ಲಾ ಕಟ್ಟೂ ಹಾಗೇ. ಅಷ್ಟು ಭಾಗ ಒಳಗೆ ಹೋಗುತ್ತೆ. ಈ ಗೆರೆ ಪೂರ್ತಿ ಒಳಗೇ ಹೋಗಿದೆ."

"ಅಂದ್ರೆ ಪ್ರದರ್ಶನಕ್ಕೆ ಬಂದವರಿಗೆ…"

"ಬ್ರಹ್ಮ ಬಂದಿದ್ರೂ ಕಾಣ್ತಿರ್ಲಿಲ್ಲ."

ಮಗಳು ಚೀಲದಿಂದ ಅಂಗಡಿಯ ಮಸೂರವನ್ನು ತೆಗೆದು ಕಣ್ಣಿಗೆ ಹಚ್ಚಿಕೊಂಡಳು. "ಕುಂಚದ ಗೀರಿಲ್ಲ," ಎಂದಳು. "ಬೆರಳಿನ ಗೀರಿದೆ. ಸುಳಿ ಸುಳಿಯಾಗಿ."

ಬಾಮೈದ ಕಟ್ಟಿನ ಕೆಳಪಟ್ಟಿಯನ್ನು ಬಿಚ್ಚಿ ಬೆಳಕಿಗೆ ತಿರುಗಿಸಿದ. ಒಳಂಚಿನ ಮರಕ್ಕೆ ಉದ್ದಕ್ಕೂ ಕೆಂಪು ಅಂಟಿತ್ತು. "ಎಣ್ಣೆಬಣ್ಣ. ಅಪ್ಪ ಕಟ್ಟು ಹಾಕಿದಾಗ ಇನ್ನೂ ಹಸಿ. ಮೂರು ದಿನ ಆಗಿದ್ರೂ ಸ್ವಲ್ಪ ಒಣಗಿರೋದು, ಮರಕ್ಕೆ ಇಷ್ಟು ಹತ್ತುತ್ತಿರ್ಲಿಲ್ಲ. ಇದು ಹಿಂದಿನ ದಿನದ್ದು. ಬರೆದು ಕೊಡ್ತೀನಿ ಬೇಕಾದ್ರೆ."

ಹಿಂದಿನ ದಿನ ಎಂದರೆ ಮಂಗಳವಾರ.

ಹನ್ನೆರಡು ದಿನ ಬರಿಗೈಯಲ್ಲಿ ಅಲೆದ ಪತ್ತೇದಾರನಿಗೆ ಇದು ಹಬ್ಬ. ಶುಕ್ರವಾರ ಚಿತ್ರವನ್ನು ಮೊದಲ ಸಲ ನೋಡಿದೆ, ಚಿತ್ರಕಾರನ ಮುಖವನ್ನೇ ಕಂಡವನಲ್ಲ, ಅವನ ಮೆಟ್ಟಿಲು ಹತ್ತಿದವನಲ್ಲ ಎಂದು ವಿಮರ್ಶಕರು ನಲವತ್ತು ವರ್ಷಗಳಿಂದ ಹೇಳುತ್ತಿದ್ದಾರೆ. ಪರಿಚಯವಿಲ್ಲದವನನ್ನು ಹೊಗಳಿದ್ದಕ್ಕೇ ಅವರ ಮಾತಿಗೆ ಅಷ್ಟು ತೂಕ ಬಂದದ್ದು. ಮಂಗಳವಾರ ಎಳೆದ ಗೆರೆ, ಬುಧವಾರ ಕಟ್ಟಿನೊಳಗೆ ಹೋದ ಗೆರೆ, ಬೆರಳಿನದ್ದು ಎಂಬುದೂ ಸೇರಿ ಭಾನುವಾರದ ಲೇಖನದಲ್ಲಿದೆ.

"ಮಾವ ಯಾರಿಗಾದ್ರೂ ಹೇಳಿರ್ಬಹುದಾ?"

"ಅಪ್ಪ ಅಮ್ಮನ ಹತ್ರಾನೇ ತಿಂಗಳಿಗೆ ಎರಡು ಮಾತಾಡ್ತಿದ್ರು. ಪತ್ರಿಕೆಯವರ ಹತ್ರ ಮಾತಾಡ್ತಾರಾ?"

"ಗ್ಯಾಲರಿಯ ಯಜಮಾನ?"

"ಆ ವಾರ ಅವನು ಊರಲ್ಲೇ ಇರ್ಲಿಲ್ಲ ಅಂತ ನೀವೇ ಹೇಳಿದ್ರಲ್ಲ. ಮಗಳ ಮದುವೆ, ಐನೂರು ಜನ ಸಾಕ್ಷಿ."

"ಅಮ್ಮ ಅಜ್ಜಿ ಮನೇಲಿದ್ರು," ಎಂದಳು ಮಗಳು ಕೇಳದೆಯೇ. "ಭಾನುವಾರ ನನ್ನನ್ನ ಕರ್ಕೊಂಡು ಹೋದ್ರು. ಸುದ್ದಿ ಬಂದ ಮೇಲೆ ಬುಧವಾರ ಮಧ್ಯಾಹ್ನ ವಾಪಸ್ ಬಂದ್ವಿ. ಅಷ್ಟು ಹೊತ್ತಿಗೆ ಚಿತ್ರ ಇಲ್ಲಿಗೆ ಬಂದಾಗಿತ್ತು. ಅಮ್ಮ ಅದನ್ನ ಕೊನೇಗೆ ನೋಡಿದಾಗ ಬರೀ ಹಳದಿ ಗೋಡೆ ಇತ್ತಂತೆ, ಕುರ್ಚೀನೂ ಇರ್ಲಿಲ್ವಂತೆ."

ಇನ್ನು ಉಳಿದದ್ದು ಒಬ್ಬರೇ.

ಪತ್ತೇದಾರ ಮೇಜಿನ ಮೂಲೆಯಲ್ಲೇ ಕೂತು ವರದಿ ಬರೆದ. ಎರಡು ಪುಟ. ಕೊನೆಯ ವಾಕ್ಯಕ್ಕೆ ಬಂದಾಗ ಪೆನ್ನು ನಿಲ್ಲಿಸಿ, ಅದನ್ನು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡು, ಆಮೇಲೆ ಬರೆದ: 'ಆ ಲೇಖನವನ್ನು ಬರೆದವರು ಯಾರೋ, ಮಂಗಳವಾರ ಸಂಜೆ ಸಾಯುವವನ ಜೊತೆ ಆ ಕೋಣೆಯಲ್ಲಿದ್ದವರು ಅವರೇ.' ಕೆಳಗೆ ದೊಡ್ಡದಾಗಿ ಸಹಿ ಹಾಕಿದ.

"ಹೆಸರು ಬರೀರಿ ಭಾವ. ಯಾರಿಗೆ ಹೆದರಿಕೆ?"

"ಹೆಸರು ಬರೆದ್ರೆ ಮಾನನಷ್ಟ ಅಂತ ಕೋರ್ಟಿಗೆ ಎಳೀತಾನೆ. ಲೇಖನ ಬರೆದವರು ಅಂದ್ರೆ ಸಾಕು. ಅದು ಅವನೇ ಅಂತ ನಲವತ್ತು ವರ್ಷದಿಂದ ಅವನೇ ಸಾರ್ತಿದಾನೆ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು." ಪತ್ತೇದಾರ ಕಾಗದ ಮಡಿಚಿ ಬಾಮೈದನ ಕೈಗಿಟ್ಟ. "ಇದನ್ನ ಇನ್ಸ್‌ಪೆಕ್ಟರ್ ಕೈಗೇ ಕೊಡು. ಚಿತ್ರ ಅಂಗಡೀಲಿರ್ಲಿ, ಬೀಗ ಹಾಕು. ಈ ಪಟ್ಟಿ ನಾನು ತಗೊಂಡು ಹೋಗ್ತೀನಿ."

"ಅಪ್ಪ ಮಾಡಿದ ಕಟ್ಟು ಅದು!"

"ನಿಮ್ಮಪ್ಪ ಇದ್ದಿದ್ರೆ ಅವರೇ ಕೊಡ್ತಿದ್ರು."

"ಅಪ್ಪ ಇದ್ದಿದ್ರೆ ನಿಮಗೆ ಅಕ್ಕನ್ನೂ ಕೊಡ್ತಿರ್ಲಿಲ್ಲ," ಎಂದು ಗೊಣಗುತ್ತ ಬಾಮೈದ ಸೈಕಲ್ ಏರಿದ.

ಪತ್ತೇದಾರ, ಮಗಳು ಇಬ್ಬರೂ ವಿಮರ್ಶಕರ ಮನೆಗೆ ನಡೆದೇ ಹೋದರು, ಅರ್ಧ ಗಂಟೆ. ದಾರಿಯುದ್ದಕ್ಕೂ ಮಗಳು ಒಂದೇ ಮಾತಾಡಿದ್ದು.

"ಶಾಲೇಲಿ ನನ್ನ ಪಕ್ಕ ಯಾರೂ ಕೂರ್ತಿರ್ಲಿಲ್ಲ, ಗೊತ್ತಾ?" ಎಂದಳು. ಪತ್ತೇದಾರ ಕಂಕುಳಲ್ಲಿದ್ದ ಪಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಬಾಗಿಲು ತೆಗೆದವರು ವಿಮರ್ಶಕರೇ. ಎಪ್ಪತ್ತಾರರ ಎತ್ತರದ ಮುದುಕ, ಇಸ್ತ್ರಿ ಕೆಡದ ಅಂಗಿ, ಬೆಳ್ಳಿ ಹಿಡಿಯ ಕೋಲು. ಹಿಂದೆ ಉದ್ದನೆಯ ಕೋಣೆ. ನೆಲದಿಂದ ಚಾವಣಿಯವರೆಗೆ ಚಿತ್ರಗಳು, ಎಲ್ಲವೂ ಯಾರೋ ಯಾವಾಗಲೋ ಕೃತಜ್ಞತೆಯಿಂದ ತಂದುಕೊಟ್ಟವು.

"ಕೂತ್ಕೊಳ್ಳಿ ಅನ್ನಲ್ಲ," ಎಂದರು. "ಕೂತ್ರೆ ಏಳೋದು ತಡ ಆಗುತ್ತೆ. ಪತ್ತೇದಾರರೇ, ನೀವು ಯಾವತ್ತಾದ್ರೂ ಒಂದು ಚಿತ್ರದ ಮುಂದೆ ಹತ್ತು ನಿಮಿಷ ನಿಂತಿದ್ದೀರಾ?"

"ಕ್ಷೌರದಂಗಡೀಲಿ. ಸರದಿ ಬರೋವರೆಗೆ."

"ಹಾಗಂತ ಮುಖದಲ್ಲೇ ಬರೆದಿದೆ." ಅವರ ಕಣ್ಣು ಮಗಳ ಕಡೆ ಹೊರಳಿತು. "ಇವಳನ್ನ ಯಾಕೆ ಕರ್ಕೊಂಡು ಬಂದ್ರಿ? ಅಡುಗೆಮನೆ ಜಗಳಕ್ಕೆ ಇಲ್ಲಿ ಜಾಗ ಇಲ್ಲ."

"ನಿಮ್ಮ ಪುಸ್ತಕದಲ್ಲಿ ಜಾಗ ಇದೆಯಲ್ಲ," ಎಂದಳು ಮಗಳು. "ನಲವತ್ತೊಂದನೇ ಪುಟ."

"ಇದ್ದದ್ದು ಬರೆದಿದೀನಿ."

"ನೀವು ಮೆಟ್ಟಿಲ ಹತ್ರ ನಿಂತು ನೋಡಿದ್ರಾ?"

"ನೋಡೋದು ನನ್ನ ಕಸುಬು ಕಣಮ್ಮ!" ಕೋಲು ನೆಲಕ್ಕೆ ಬಡಿಯಿತು. "ಆಗ ಈ ಊರಲ್ಲಿ ಚಿತ್ರ ಅಂದ್ರೆ ಏನು ಗೊತ್ತಾ? ಶ್ರೀಮಂತರ ಮೀಸೆ, ಅವರ ಹೆಂಡ್ತೀರ ಕೊರಳಿನ ಸರ. ಮೂಗು ಮೂಗಿನ ಜಾಗದಲ್ಲಿದ್ರೆ ಭೇಷ್ ಅಂತಿದ್ರು. ನಿಮ್ಮಪ್ಪನಂಥ ನಾಲ್ಕು ಜನ ಹೊಸ ಥರ ಬರೆದ್ರೆ ಕಲ್ಲು ಹೊಡೆಯೋದೊಂದು ಬಾಕಿ. ಅವರ ಮುಂದೆ ನಿಂತು ಬೈಸ್ಕೊಂಡೋನು ನಾನು. ಒಂದೊಂದು ಗೋಡೆಗೂ ಜಗಳ ಆಡಿದೀನಿ. ಚಿತ್ರ ಬರೆಯೋದು ಅರ್ಧ ಕೆಲಸ. ಅದನ್ನ ಹೇಗೆ ನೋಡ್ಬೇಕು ಅಂತ ಊರಿಗೆ ಕಲಿಸೋದು ಇನ್ನರ್ಧ. ಆ ಅರ್ಧ ನನ್ನದು."

"ಕಲಿಸಿದ್ರಿ," ಎಂದಳು ಅವಳು. ದನಿ ಏರಲಿಲ್ಲ. "ನಮ್ಮಮ್ಮನ್ನ ಹೇಗೆ ನೋಡ್ಬೇಕು ಅಂತಲೂ ಊರಿಗೆ ಕಲಿಸಿದ್ರಿ."

ಮುದುಕನ ದವಡೆ ಬಿಗಿಯಿತು. ಪತ್ತೇದಾರ ಇದೇ ಸಮಯವೆಂದು ಮುಂದೆ ಬಂದ.

"ಸ್ವಾಮಿ, ಒಂದು ಸಣ್ಣ ಅನುಮಾನ. ಆ ಚಿತ್ರ ನೀವು ಮೊದಲು ನೋಡಿದ್ದು ಯಾವಾಗ?"

"ಶುಕ್ರವಾರ. ಸಾವಿರ ಸಲ ಹೇಳಿದೀನಿ."

"ಚಿತ್ರಕಾರನ ಕೋಣೆಗೆ ಹೋಗಿದ್ರಾ?"

"ಹೆಣವಾದ ಮೇಲೂ ಹೋಗಿಲ್ಲ. ಅವನ ಮುಖ ಕಂಡದ್ದು ಪತ್ರಿಕೆಯ ಫೋಟೋದಲ್ಲಿ."

"ಕೆಂಪು ಗೆರೆ ಕಂಡದ್ದು?"

ಒಂದು ಕ್ಷಣ ತಡವಾಯಿತು. ಒಂದೇ ಕ್ಷಣ. ಆದರೆ ಪತ್ತೇದಾರನ ಹೊಟ್ಟೆ ತುಂಬುವುದು ಇಂಥ ಕ್ಷಣಗಳಿಂದಲೇ.

"ಶುಕ್ರವಾರ," ಎಂದರು ವಿಮರ್ಶಕರು.

ಪತ್ತೇದಾರ ಕಂಕುಳಿನ ಪಟ್ಟಿಯನ್ನು ಸುತ್ತಿದ್ದ ಪತ್ರಿಕೆ ಬಿಚ್ಚಿ ಮೇಜಿನ ಮೇಲಿಟ್ಟ. ಹೇಳಬೇಕಾದ್ದನ್ನು ಬಿಡಿಸಿ ಬಿಡಿಸಿ ಹೇಳಿದ. ಮಂಗಳವಾರ ಹಸಿ ಬಣ್ಣ, ಬುಧವಾರ ಮೊಹರು, ಶುಕ್ರವಾರ ಮರದ ಹಿಂದೆ ಮರೆಯಾದ ಗೆರೆ. ಹೇಳುತ್ತ ಹೇಳುತ್ತ ಅವನ ದನಿಗೆ ಹುರುಪು ಬಂತು. ಮಾವನ ಅಂಗಡಿಯ ಮರದ ತುಂಡೊಂದು ಇಷ್ಟು ದೊಡ್ಡ ಮನುಷ್ಯನನ್ನು ಕೆಡವುತ್ತಿದೆಯಲ್ಲ ಎಂದು ಒಳಗೊಳಗೇ ಕುಣಿದ.

"ನೀವು ಮಂಗಳವಾರ ಅಲ್ಲಿದ್ರಿ," ಎಂದು ಮುಗಿಸಿದ. "ಇಲ್ದಿದ್ರೆ ಆ ಗೆರೆ ನಿಮಗೆ ಕಾಣೋಕೆ ದಾರಿಯೇ ಇಲ್ಲ."

ವಿಮರ್ಶಕರು ಅವನ ಮಾತು ಕೇಳುತ್ತಿರಲಿಲ್ಲ. ಕೋಲನ್ನು ಮೇಜಿಗೆ ಒರಗಿಸಿ, ಬಗ್ಗಿ, ಮರಕ್ಕೆ ಅಂಟಿದ್ದ ಕೆಂಪನ್ನು ಬೆರಳ ತುದಿಯಿಂದ ಮುಟ್ಟಿದರು. ಆ ಮುಖದಲ್ಲಿ ಪತ್ತೇದಾರ ಕಾದಿದ್ದ ಭಯ ಬರಲಿಲ್ಲ. ಬಂದದ್ದು ಬರೀ ಬೆರಗು.

"ಹಾಗಾದ್ರೆ ಇತ್ತು," ಎಂದರು. "ನಿಜವಾಗ್ಲೂ ಇತ್ತು."

ಪತ್ತೇದಾರನ ಹುರುಪು ಅಲ್ಲೇ ನಿಂತಿತು. ತಪ್ಪಿತಸ್ಥರು ಹೆದರಿದ್ದನ್ನು ಅವನು ಕಂಡಿದ್ದ, ಸಿಟ್ಟಾದದ್ದನ್ನು ಕಂಡಿದ್ದ, ಅತ್ತದ್ದನ್ನೂ ಕಂಡಿದ್ದ. ಆಶ್ಚರ್ಯಪಟ್ಟದ್ದನ್ನು ಕಂಡಿರಲಿಲ್ಲ.

"ಅದೇನ್ರೀ ಹಾಗಂದ್ರೆ? ನೀವೇ ಬರೆದದ್ದು."

ವಿಮರ್ಶಕರು ಕುರ್ಚಿಯಲ್ಲಿ ಕೂತರು. ಇದ್ದಕ್ಕಿದ್ದಂತೆ ಎಪ್ಪತ್ತಾರಕ್ಕಿಂತ ಹೆಚ್ಚು ವಯಸ್ಸಾದವರಂತೆ ಕಂಡರು. ಆದರೆ ನಾಲಿಗೆಯ ವಿಷ ಇಳಿದಿರಲಿಲ್ಲ.

"ಶುಕ್ರವಾರ ನಾಲ್ಕು ಗಂಟೆ ಹೊತ್ತು ಆ ಚಿತ್ರದ ಮುಂದೆ ನಿಂತೆ. ಗೆರೆ ಕಾಣ್ಲಿಲ್ಲ. ಏನೋ ಕಾವ್ಯ ಇರ್ಬೇಕು ಅಂದ್ಕೊಂಡು ಹಾಗೇ ಅಚ್ಚಿಗೆ ಕೊಟ್ಟೆ. ನಲವತ್ತು ವರ್ಷ ಎಲ್ಲರೂ ಕಂಡೆ ಅಂದ್ರು, ನಾನೂ ಕಂಡೆ ಅಂದೆ. ಆ ಗೆರೆ ಮೇಲೆ ಡಾಕ್ಟರಾದ ಪ್ರಾಧ್ಯಾಪಕ ಇನ್ನೂರು ಪುಟ ಓದಿ ಹೇಳಿದಾಗ ಕಣ್ಣೀರೂ ಹಾಕಿದೆ."

"ಯಾರ ಕಾವ್ಯ?" ಎಂದ ಪತ್ತೇದಾರ.

ವಿಮರ್ಶಕರು ಮೇಜಿನ ಕೆಳಖಾನೆಯ ಬೀಗ ತೆಗೆದು, ಹಳೆಯ ಲಕೋಟೆಯಿಂದ ಐದು ಹಾಳೆ ತೆಗೆದು, ಪತ್ತೇದಾರನ ಕಡೆಗಲ್ಲ, ಮಗಳ ಕಡೆಗೆ ಚಾಚಿದರು.

ಅವಳು ಮೊದಲ ಸಾಲು ಓದಿದಳು. ಎರಡನೆಯ ಸಾಲಿಗೆ ಹೋಗಲಿಲ್ಲ.

"ಇದು ಅಮ್ಮನ ಅಕ್ಷರ."

"ಗುರುವಾರ ಬೆಳಿಗ್ಗೆ ಆ ಲೇಖನ ಹಿಡ್ಕೊಂಡು ಪತ್ರಿಕೆ ಕಚೇರಿಗೆ ಬಂದ್ಲು," ಎಂದರು ವಿಮರ್ಶಕರು. "ಗಂಡ ಸತ್ತು ಎರಡು ದಿನ, ಕಣ್ಣಲ್ಲಿ ನೀರಿಲ್ಲ. 'ನನ್ನ ಹೆಸರು ಹಾಕಿದ್ರೆ ಹೆಂಡ್ತಿ ಹೊಗಳಿದಾಳೆ ಅಂತ ನಗ್ತಾರೆ, ನಿಮ್ಮ ಹೆಸರು ಹಾಕಿ, ಅವನ ಚಿತ್ರ ಬದುಕ್ಬೇಕು' ಅಂದ್ಲು. ಫುಟ್ಬಾಲ್ ಬರೀತಿದ್ದೋನಿಗೆ ಅಂಥ ಬರಹ! ಹಾಕ್ದೆ. ಆಮೇಲೆ ಬಂದದ್ದೆಲ್ಲ ನಾನೇ ಬರೆದೆ, ಅವಳಿಂದ ಕಲಿತು. ಆದ್ರೆ ಅವಳೊಬ್ಬಳು ಊರಲ್ಲಿರೋವರೆಗೆ ನನಗೆ ನಿದ್ದೆ ಇಲ್ಲ. ಯಾವತ್ತಾದ್ರೂ ಬಾಯಿ ಬಿಟ್ರೆ?"

"ಅದಕ್ಕೆ," ಎಂದಳು ಮಗಳು, "ಅಮ್ಮ ಬಾಯಿ ಬಿಟ್ರೂ ಯಾರೂ ನಂಬದ ಹಾಗೆ ಮಾಡಿದ್ರಿ."

"ಹೂಂ," ಎಂದರು. ನಾಚಿಕೆಯೇ ಇಲ್ಲದೆ ಎಂದರು. "ಆ ಹಾಳೆ ಸುಡ್ಬೇಕು ಅಂತ ನೂರು ಸಲ ಅಂದ್ಕೊಂಡೆ. ಅಷ್ಟು ಚೆನ್ನಾಗಿ ಬರೆದದ್ದನ್ನ ಸುಡೋಕೆ ಕೈ ಬರ್ಲಿಲ್ಲ. ಅದೊಂದು ವಿಷಯದಲ್ಲಿ ನಾನು ನಿಜವಾದ ವಿಮರ್ಶಕ."

ಪತ್ತೇದಾರನ ತಲೆಯಲ್ಲಿ ದಿನಗಳು ಒಂದೊಂದಾಗಿ ಜಾಗ ಬದಲಾಯಿಸಿದವು. ಅವನಿಗೆ ಅದು ಬೇಕಿರಲಿಲ್ಲ. ತಡೆಯಲು ಆಗಲಿಲ್ಲ.

ವಿಮರ್ಶಕರು ಅವನ ಮುಖ ನೋಡಿ ನಕ್ಕರು. "ಅರ್ಥ ಆಯ್ತಲ್ಲ? ಅವಳು ನೂಕಿದಳು ಅಂತ ನಾನು ಬರೀ ಬಾಯಲ್ಲಿ ಹೇಳ್ತಿದ್ದೆ, ಹೆದರಿಕೆಗೆ. ನನ್ನ ಹತ್ರ ಪುರಾವೆ ಇರ್ಲಿಲ್ಲ. ಬುಧವಾರ ಮಧ್ಯಾಹ್ನ ಊರಿಗೆ ಬಂದೆ ಅಂದವಳು ಮಂಗಳವಾರದ ಗೆರೆ ಹೇಗೆ ಕಂಡ್ಲು? ಈ ಪ್ರಶ್ನೆ ನನಗೆ ಹೊಳೆದಿರ್ಲಿಲ್ಲ. ನೀವೇ ಕಂಕುಳಲ್ಲಿಟ್ಕೊಂಡು ತಂದ್ರಿ."

"ಅಜ್ಜಿ ಮನೇಲಿದ್ರು," ಎಂದಳು ಮಗಳು. "ನಾನು ಜೊತೇಲಿದ್ದೆ. ಅಮ್ಮ…" ಮಾತು ತುಂಡಾಯಿತು. ಐದು ವರ್ಷದ ಮಗುವಾಗಿದ್ದಾಗಿನ ಒಂದು ಮಂಗಳವಾರವನ್ನು ಅವಳು ನೆನಪಿಸಿಕೊಳ್ಳಲು ಹೆಣಗುತ್ತಿದ್ದಳು. ನೆನಪಾಯಿತೋ, ಆಗಲಿಲ್ಲವೋ, ಮುಖ ಮಾತ್ರ ಬಿಳಿಚಿಕೊಂಡಿತು. "ಅವತ್ತು ಅಮ್ಮ ಅಲ್ಲ, ಅಜ್ಜಿ ನನ್ನನ್ನ ಪಕ್ಕ ಮಲಗಿಸ್ಕೊಂಡಿದ್ರು," ಎಂದಳು ಮೆಲ್ಲಗೆ.

ಪತ್ತೇದಾರನಿಗೆ ಆಗ ವರದಿ ನೆನಪಾಯಿತು.

ಆ ಲೇಖನವನ್ನು ಬರೆದವರು ಯಾರೋ, ಅವರೇ. ಹೆಸರು ಬರೀರಿ ಭಾವ ಎಂದು ಬಾಮೈದ ಬಾಯಿಬಿಟ್ಟು ಹೇಳಿದ್ದ. ವಿಮರ್ಶಕರ ಹೆಸರು ಬರೆದಿದ್ದರೆ ಈಗ ತಪ್ಪಾಯಿತು ಎಂದು ಹಿಂತೆಗೆದುಕೊಳ್ಳಬಹುದಿತ್ತು. ಬರೆದ ವಾಕ್ಯದಲ್ಲಿ ತಪ್ಪೇ ಇರಲಿಲ್ಲ.

ಹೊರಗೆ ಜೀಪು ನಿಂತ ಸದ್ದಾಯಿತು.

"ಯಾರದು?" ಎಂದರು ವಿಮರ್ಶಕರು.

"ಇನ್ಸ್‌ಪೆಕ್ಟರ್," ಎಂದ ಪತ್ತೇದಾರ. "ಲೇಖನ ಬರೆದವರನ್ನ ಹುಡುಕಿಕೊಂಡು ಬಂದಿದಾರೆ."

ಮಗಳು ಅವನ ಕಡೆ ತಿರುಗಿದಳು. ಆ ನೋಟವನ್ನು ಅವನು ಬದುಕಿರುವವರೆಗೆ ಮರೆಯುವಂತಿರಲಿಲ್ಲ. ಐದೂ ಹಾಳೆಗಳನ್ನು ಜೋಡಿಸಿ, ಎರಡು ಮಡಿಕೆ ಮಡಿಚಿ, ಚೀಲಕ್ಕೆ ಹಾಕಿ, ಜಿಪ್ ಎಳೆದಳು. ಆಮೇಲೆ ಮುದುಕನ ಕುರ್ಚಿಯ ಎದುರು ಬಂದು ನಿಂತಳು.

"ನಾನೇ ಬರೆದೆ ಅಂತ ನಲವತ್ತು ವರ್ಷ ಹೇಳಿದ್ದೀರಲ್ಲ," ಎಂದಳು. "ಇನ್ನೊಂದು ಸಲ ಹೇಳಿ."

ವಿಮರ್ಶಕರ ನಗು ಅರ್ಧಕ್ಕೇ ನಿಂತಿತು.

ಅತ್ತ ದರಿ, ಇತ್ತ ಪುಲಿ. ನಾನೇ ಬರೆದೆ ಎಂದರೆ ಮಂಗಳವಾರದ ಕೋಣೆ, ಮೆಟ್ಟಿಲು, ಹೆಣ. ನಾನು ಬರೆದದ್ದಲ್ಲ ಎಂದರೆ ನಲವತ್ತು ವರ್ಷದ ಹೆಸರು, ಗೋಡೆಯ ಮೇಲಿನ ಅಷ್ಟೂ ಚಿತ್ರ, ಸೋಮವಾರದ ಪುಸ್ತಕ, ಎಲ್ಲವೂ ಒಂದೇ ಏಟಿಗೆ ನೆಲಕ್ಕೆ. ಅದನ್ನು ಸಾಬೀತು ಮಾಡುವ ಹಾಳೆಗಳು ಈಗ ಅವರ ಖಾನೆಯಲ್ಲೂ ಇರಲಿಲ್ಲ.

"ಕೊಡು ಅದನ್ನ," ಎಂದರು ತಗ್ಗಿದ ದನಿಯಲ್ಲಿ.

"ಯಾವುದನ್ನ?" ಎಂದಳು ಅವಳು.

ಬಾಗಿಲು ತೆರೆದೇ ಇತ್ತು. ಇನ್ಸ್‌ಪೆಕ್ಟರ್ ಒಳಗೆ ಬಂದರು, ಹಿಂದೆ ಒಬ್ಬ ಕಾನ್‌ಸ್ಟೇಬಲ್, ಅವನ ಹಿಂದೆ ಸೈಕಲ್ ತುಳಿದು ಏದುಸಿರು ಬಿಡುತ್ತಿದ್ದ ಬಾಮೈದ. ಇನ್ಸ್‌ಪೆಕ್ಟರ್ ಕೈಯಲ್ಲಿ ಪತ್ತೇದಾರನ ಎರಡು ಪುಟ ಇದ್ದವು. ಮೇಜಿನ ಮೇಲಿನ ಮರದ ಪಟ್ಟಿಯನ್ನು ನೋಡಿದರು, ಕುರ್ಚಿಯಲ್ಲಿದ್ದ ಮುದುಕನನ್ನು ನೋಡಿದರು, ಚೀಲ ಅಪ್ಪಿಕೊಂಡು ನಿಂತಿದ್ದ ಹೆಂಗಸನ್ನು ನೋಡಿದರು.

"ಚೆನ್ನಾಗಿ ಬರೆದಿದ್ದೀರಿ," ಎಂದರು ಪತ್ತೇದಾರನಿಗೆ. "ಒಂದೇ ಒಂದು ಕಡೆ ಖಾಲಿ ಬಿಟ್ಟಿದ್ದೀರಿ. ಬೇರೆಯವರನ್ನ ಕೇಳೋ ಮೊದಲು ನಿಮ್ಮನ್ನ ಕೇಳ್ತೀನಿ, ಸಹಿ ನಿಮ್ಮದು." ಅವರು ಜೇಬಿನಿಂದ ಪೆನ್ನು ತೆಗೆದು ಮುಚ್ಚಳ ಬಿಚ್ಚಿದರು.

"ಹೇಳಿ. ಆ ಲೇಖನ ಬರೆದದ್ದು ಯಾರು?"